ತೆರೆಸಿದ ಕಣ್ಣು

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರೆ. ಇಲ್ಲದಿರಬಹುದು, ಆದರೆ ಅದಕ್ಕೊಂದು ಹೆಸರಂತೂ ಇರುತ್ತದೆ. ನನ್ನ ಹೊಟ್ಟೆಕಿಚ್ಚಿನ ಹೆಸರು ಶ್ರೀಮಂತ.

ನಾನು ಸರ್ದಾರ. ಊರು ಸಿಂದಗಿ ಕಡೆ. ಆಂಟಾಪ್ ಹಿಲ್ಲಿನಲ್ಲಿ ಮೂವತ್ತೊಂದು ವರ್ಷದಿಂದ ಫೋಟೊ ಸ್ಟುಡಿಯೋ ನಡೆಸುತ್ತಿದ್ದೇನೆ. ಈ ಕಾಲನಿಗಳ ಅರ್ಧ ಜನ ಸರಕಾರದ ಕಾಗದಗಳಲ್ಲಿ ಹೇಗೆ ಕಾಣುತ್ತಾರೋ ಅದೆಲ್ಲ ನನ್ನ ಕೈಕೆಲಸ. ಶ್ರೀಮಂತ ಆರು ವರ್ಷ ನನ್ನ ಹತ್ತಿರ ಇದ್ದವನು, ಮದುವೆಗಳಲ್ಲಿ ಲೈಟು ಹಿಡಿಯುತ್ತಿದ್ದ. ಹಿಡಿಯುತ್ತಿದ್ದ ಅಂದರೆ ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಮದುಮಗಳ ಮುಖಕ್ಕೆ ಬೀಳಬೇಕಾದ ಬೆಳಕು ಮೂಲೆಯಲ್ಲಿ ತೂಕಡಿಸುವ ಯಾವುದೋ ಅಜ್ಜಿಯ ಮೇಲೆ ಬೀಳುತ್ತಿತ್ತು. ಬೈದು ಬೈದು ಸಾಕಾಗಿ ನಾನೇ ಅವನನ್ನು ಕೆಲಸದಿಂದ ಬಿಡಿಸಿದೆ. ಈಗ ಅವನಿಗೆ ನಲವತ್ತರ ಮೇಲಾಯಿತು. ಯಾವುದೋ ಲ್ಯಾಬಿಗೆ ರಕ್ತದ ಸ್ಯಾಂಪಲ್ ಒಯ್ಯುವ ಕೆಲಸ. ಐಸ್ ತುಂಬಿದ ಡಬ್ಬಿ ಹೆಗಲಿಗೆ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಲೋಕಲ್ ರೈಲು ಹತ್ತುತ್ತಾನೆ, ಇಳಿಯುತ್ತಾನೆ. ಹೆಸರಿಗೆ ಶ್ರೀಮಂತ, ಹೆಗಲಿಗೆ ಡಬ್ಬಿ.

ಈ ತಿರುಗಾಟದಲ್ಲಿ ಅವನಿಗೆ ಹತ್ತಿದ ಚಟವೇ ಮಲಗಿದವರ ಫೋಟೊ ತೆಗೆಯುವುದು. ಕ್ಯಾಮೆರಾ ಇಲ್ಲ, ಲೈಟಿಲ್ಲ, ಬರೀ ಮೊಬೈಲು. ಸಯನ್ ಸ್ಟೇಷನ್ನಿನ ಬೆಂಚಿನ ಮೇಲೆ ಖಾಲಿ ಮೀನುಬುಟ್ಟಿಗೆ ತಲೆ ಕೊಟ್ಟು ಮಲಗಿದ ಹೆಂಗಸು, ಟ್ಯಾಕ್ಸಿಯ ಕಿಟಕಿಯಿಂದ ಎರಡೂ ಪಾದ ಹೊರಗೆ ಚಾಚಿದ ಡ್ರೈವರ್, ಕಾಲು ಮಡಚಿ ಕೈಗಾಡಿಯಲ್ಲಿ ಹಿಡಿಸಿಕೊಂಡ ಹಮಾಲ, ಪರೇಲಿನ ಗಾಜಿನ ಕಟ್ಟಡದ ನೆರಳಲ್ಲಿ ಟೈ ಸಡಿಲಿಸಿ ಕುಳಿತಲ್ಲೇ ನಿದ್ದೆಹೋದ ಆಫೀಸಿನವನು. ಯಾರಿಗೂ ಗೊತ್ತಾಗದ ಹಾಗೆ ತೆಗೆಯುತ್ತಾನೆ, ಸಂಜೆ ವಾಟ್ಸ್ಯಾಪಿನ ಸ್ಟೇಟಸ್ಸಿಗೆ ಹಾಕುತ್ತಾನೆ.

ನನ್ನ ಮಗಳು ಗುಲಾಫಶಾ ಅವನಿಗಾಗಿ ಇನ್‌ಸ್ಟಾಗ್ರಾಮಿನಲ್ಲಿ ಒಂದು ಪೇಜು ಮಾಡಿಕೊಟ್ಟಳು. ನನ್ನ ಮಗಳೇ.

"ಅಬ್ಬಾ, ಇದು ಕ್ಯಾಂಡಿಡ್ ಫೋಟೊಗ್ರಫಿ," ಎಂದಳು.

"ದಿನಾ ಹತ್ತು ಕ್ಯಾಂಡಿಡೇಟ್ ಫೋಟೊ ನಾನೂ ತೆಗೀತೀನಿ," ಎಂದೆ. ಪೊಲೀಸ್ ಭರ್ತಿ, ರೇಲ್ವೆ ಭರ್ತಿ, ಬ್ಯಾಂಕಿನ ಪರೀಕ್ಷೆ, ಎಲ್ಲ ಕ್ಯಾಂಡಿಡೇಟುಗಳೂ ನನ್ನ ಸ್ಟೂಲಿನ ಮೇಲೆ ಕುಳಿತು ಎದ್ದವರೇ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅದನ್ನು ಶ್ರೀಮಂತನಿಗೂ ಹೇಳಿದಳೆಂದು ಗೊತ್ತಾಯಿತು. ಎರಡು ದಿನ ಮಗಳ ಜೊತೆ ಮಾತು ಬಿಟ್ಟೆ.

ನಮ್ಮ ಕಸುಬಿನಲ್ಲಿ ಕಣ್ಣು ಮುಚ್ಚಿದ ಫೋಟೊ ಅಂದರೆ ಎರಡೇ ಅರ್ಥ. ಒಂದೋ ಕೆಟ್ಟ ಫೋಟೊ, ಇಲ್ಲವೇ ಹೆಣದ ಫೋಟೊ. ಮೊದಲನೆಯದನ್ನು ಗಿರಾಕಿ ನನ್ನ ಮುಖಕ್ಕೆ ಎಸೆದು ಹೋಗುತ್ತಾನೆ. ಎರಡನೆಯದನ್ನು ಅಳುತ್ತಾ ತರುತ್ತಾರೆ. ಮನೆಯಲ್ಲಿ ಯಜಮಾನ ತೀರಿಕೊಂಡಿರುತ್ತಾನೆ, ಬದುಕಿದ್ದಾಗಿನ ಒಂದು ನೆಟ್ಟಗಿನ ಫೋಟೊ ಇರುವುದಿಲ್ಲ, ಕೊನೆಯ ದಿನ ಯಾರೋ ಮೊಬೈಲಿನಲ್ಲಿ ತೆಗೆದದ್ದು ಮಾತ್ರ ಇರುತ್ತದೆ. "ಕಣ್ಣು ತೆರೆಸಿ ಕೊಡ್ರಿ" ಎನ್ನುತ್ತಾರೆ. ನಾನು ತೆರೆಸುತ್ತೇನೆ. ತಮ್ಮನ ಕಣ್ಣು, ಮಗನ ಕಣ್ಣು, ಏನೂ ಸಿಗದಿದ್ದರೆ ನನ್ನ ಕಂಪ್ಯೂಟರಿನಲ್ಲಿರುವ ಯಾರದೋ ಕಣ್ಣು ತೆಗೆದು ಬೆಳಕು ಹೊಂದಿಸಿ ಕೂರಿಸುತ್ತೇನೆ. ಸಯನ್‌ನಿಂದ ವಡಾಲಾದವರೆಗೆ ಎಷ್ಟೋ ಮನೆಗಳ ಗೋಡೆಯ ಮೇಲೆ ಸತ್ತವರು ನಾನು ಕೊಟ್ಟ ಕಣ್ಣಿನಿಂದ ನೋಡುತ್ತಿದ್ದಾರೆ. ಇದಕ್ಕೆ ಯಾರೂ ಪೇಜು ಮಾಡಿಕೊಡಲಿಲ್ಲ.

ಇದೆಲ್ಲವನ್ನೂ ಹೇಗಾದರೂ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದೆ ಹೋದದ್ದು ಬಷೀರಾಳ ಮಾತು. ಬಷೀರಾ ನನ್ನ ಹೆಂಡತಿ. ಮನೆಯಲ್ಲಿ ನಮ್ಮದು ದಖ್ಖನಿ. ಆದರೆ ಏನಾದರೂ ಹೊಟ್ಟೆಯೊಳಗಿನ ಮಾತು ಇದ್ದರೆ ಅವಳು ಕನ್ನಡಕ್ಕೆ ತಿರುಗುತ್ತಾಳೆ, ತವರಿನ ಭಾಷೆ ಅದು. ಸಂಜೆ ಚಹಾದ ಹೊತ್ತಿಗೆ ಶ್ರೀಮಂತನ ಸ್ಟೇಟಸ್ ನೋಡುವುದು ಅವಳಿಗೆ ನಮಾಜಿನಷ್ಟೇ ನಿತ್ಯವಾಗಿತ್ತು. ಒಂದು ದಿನ ಆ ಮೀನಿನ ಹೆಂಗಸನ್ನು ದೊಡ್ಡದು ಮಾಡಿ ನೋಡುತ್ತಾ ಹೇಳಿದಳು:

"ನೋಡ್ರಿ, ಇವರೆಲ್ಲಾ ಉಸಿರಾಡಾಕತ್ತಾರ. ನೀವು ತಗದ ಫೋಟೊದಾಗ ಎಲ್ಲಾರೂ ಉಸಿರು ಕಟ್ಟಿ ಕುಂತಿರ್ತಾರ."

ಚುಚ್ಚಬೇಕೆಂದು ಹೇಳಿದ್ದಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಮೂವತ್ತೊಂದು ವರ್ಷದಿಂದ ನಾನು ಗಿರಾಕಿಗಳಿಗೆ ಹೇಳುತ್ತಾ ಬಂದದ್ದೂ ಅದನ್ನೇ, ಗದ್ದ ಮೇಲೆ, ಅಲುಗಾಡಬೇಡಿ, ಉಸಿರು ಹಿಡಿಯಿರಿ. ಬಷೀರಾ ನನ್ನ ಒಂದು ಫೋಟೊ ನೋಡಿ, ಒಂದೇ ಒಂದು ಫೋಟೊ ನೋಡಿ, ಅಷ್ಟು ಹೊತ್ತು ಮೊಬೈಲು ಕೈಯಲ್ಲಿ ಹಿಡಿದುಕೊಂಡು ಕೂತದ್ದು ನನಗೆ ನೆನಪಿಲ್ಲ. ನನಗೆ ಬೇಕಾಗಿದ್ದುದು ಅಷ್ಟೇ. ಅದು ನನ್ನ ಮನೆಯಲ್ಲೇ, ನನ್ನ ಚಹಾದ ಹೊತ್ತಿನಲ್ಲೇ, ಲೈಟು ಹಿಡಿಯಲು ಬಾರದವನಿಗೆ ದಿನಾ ಸಿಗುತ್ತಿತ್ತು.

ಹೀಗಿರುವಾಗ ಸಯನ್‌ನ ನಮ್ಮ ಕನ್ನಡ ಸಂಘದ ಅಧ್ಯಕ್ಷರು ಸಿದ್ದರಾಮಪ್ಪನವರು ಸ್ಟುಡಿಯೋಕ್ಕೆ ಬಂದರು. ವಾರ್ಷಿಕೋತ್ಸವಕ್ಕೆ ಫೋಟೊ ಪ್ರದರ್ಶನ ಇಡುತ್ತೇವೆ ಎಂದರು. ನಾನು ಕುರ್ಚಿ ಒರೆಸಿ ಕೂರಿಸಿದೆ. ಸಂಘದ ಗ್ರೂಪ್ ಫೋಟೊ ಇಷ್ಟು ವರ್ಷ ತೆಗೆದವನು ನಾನು. ಯಾವ ಯಾವ ಫೋಟೊ ಕೊಡಬೇಕೆಂದು ಮನಸ್ಸಿನಲ್ಲಿ ಆರಿಸಲು ಶುರುಮಾಡಿಯೂ ಬಿಟ್ಟಿದ್ದೆ.

"ಶ್ರೀಮಂತನವು ಇಪ್ಪತ್ತು ಫೋಟೊ ಆರಿಸೀವಿ," ಎಂದರು ಸಿದ್ದರಾಮಪ್ಪನವರು. "ನಿಮ್ಮ ಪ್ರಿಂಟು ಚಲೋ ಇರ್ತದ. ನೀವೇ ಪ್ರಿಂಟ್ ಹಾಕಿ, ಫ್ರೇಮ್ ಮಾಡಿ, ಐತವಾರ ಮುಂಜಾನೆ ಬಂದು ಗೋಡೆಗೂ ತೂಗಹಾಕಿಬಿಡ್ರಿ. ಅವಗ ಅವತ್ತೂ ಡ್ಯೂಟಿ ಅದ, ಬರೂದು ಹೊತ್ತಾಗ್ತದ."

ಆಗಲಿ ಎಂದೆ. ಇಲ್ಲ ಎಂದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಿದ್ದರು.

ಆಮಂತ್ರಣ ಪತ್ರಿಕೆಯೂ ನನ್ನ ಟೇಬಲ್ಲಿಗೇ ಬಂತು. ಅದರಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: 'ಇಲ್ಲಿರುವ ಯಾರಿಗೂ ತಮ್ಮ ಫೋಟೊ ತೆಗೆದದ್ದು ಗೊತ್ತಿಲ್ಲ.' ಆ ಸಾಲನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದುವಾಗ ನನಗೆ ದಾರಿ ಕಂಡಿತು. ಇಪ್ಪತ್ತರಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಕಣ್ಣು ಬಿಟ್ಟು ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದರೆ ಸಾಕು. ಈ ಮಾತು ಸುಳ್ಳಾಗುತ್ತದೆ. ಜನರನ್ನು ಕೂರಿಸಿ, ಕಣ್ಣು ಮುಚ್ಚಿ ಎಂದು ಹೇಳಿ ತೆಗೆದಿದ್ದಾನೆ ಎನ್ನುತ್ತಾರೆ. ಉಳಿದ ಹತ್ತೊಂಬತ್ತೂ ಅದರ ಜೊತೆಗೇ ಮಣ್ಣುಪಾಲು.

ನಾನು ಆರಿಸಿಕೊಂಡದ್ದು ಪರೇಲಿನ ಆಸ್ಪತ್ರೆಯ ಹೊರಗಿನ ಫುಟ್‌ಪಾತಿನ ಫೋಟೊ, ಅವನು ಸ್ಟೇಟಸ್ಸಿಗೂ ಪೇಜಿಗೂ ಹಾಕಿರದದ್ದು. ಅರವತ್ತರ ಆಸುಪಾಸಿನ ಹೆಂಗಸು, ನಮ್ಮ ಕಡೆಯ ಇಳಕಲ್ ಸೀರೆ, ತೊಡೆಯ ಮೇಲೆ ಎಕ್ಸ್-ರೇ ಕವರು. ಗೋಡೆಗೆ ತಲೆಯಾನಿಸಿ ಮಲಗಿದ್ದಳು. ಮುಖ ನೆಟ್ಟಗೆ ನಮ್ಮ ಕಡೆಗಿತ್ತು, ಬೆಳಕು ಎಡದಿಂದ. ಕಣ್ಣು ತೆರೆಸುವವನಿಗೆ ಅದಕ್ಕಿಂತ ಅನುಕೂಲದ ಮುಖ ಸಿಗುವುದಿಲ್ಲ.

ಇನ್ನು ಕಣ್ಣು ಬೇಕಿತ್ತು. ಹುಡುಕಿದೆ. ಒಂದರಲ್ಲಿ ಬೆಳಕು ಬಲದಿಂದ, ಒಂದರಲ್ಲಿ ಕನ್ನಡಕ, ಇನ್ನೊಂದರಲ್ಲಿ ಉಸಿರು ಹಿಡಿದವರ ಗಾಬರಿ. ಕೊನೆಗೆ ಸಿಕ್ಕಿದ್ದು ಬಷೀರಾಳ ಫೋಟೊ. ಹದಿನೈದು ವರ್ಷದ ಹಿಂದೆ ಹೊಸ ಕ್ಯಾಮೆರಾ ತಂದ ದಿನ ಮನೆಯಲ್ಲೇ ತೆಗೆದದ್ದು. ಕಿಟಕಿಯ ಪಕ್ಕ ಕುಳಿತು ನನ್ನನ್ನು ನೋಡುತ್ತಿದ್ದಾಳೆ, ಏನೋ ಹೇಳುತ್ತಿದ್ದಾಳೆ, ಬಾಯಿ ಅರ್ಧ ತೆರೆದಿದೆ. ಬಾಯಿ ತೆರೆದಿದೆ ಎಂದೇ ಅದನ್ನು ಪ್ರಿಂಟ್ ಮಾಡಿರಲಿಲ್ಲ. ಬೆಳಕು ಎಡದಿಂದ ಬಿದ್ದಿತ್ತು. ಕಣ್ಣು ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇರಲಿಲ್ಲ.

ಮಧ್ಯಾಹ್ನ ಗಿರಾಕಿ ಬರದ ಹೊತ್ತು ನೋಡಿ ಶಟರ್ ಅರ್ಧ ಇಳಿಸಿ ಕೂತೆ. ರೆಪ್ಪೆ ಎತ್ತಿದೆ, ಕೆಳಗಿನ ನೆರಿಗೆ ಬಿಡಿಸಿ ಮತ್ತೆ ಕೂರಿಸಿದೆ, ಬಿಳಿಯನ್ನು ವಯಸ್ಸಿಗೆ ತಕ್ಕಷ್ಟು ಹಳದಿ ಮಾಡಿದೆ. ಮಾಡುತ್ತಿರುವುದು ನೀಚ ಕೆಲಸವೆಂದು ನನಗೆ ಗೊತ್ತಿತ್ತು. ಆದರೆ ಕೈಗೆ ಅದು ಗೊತ್ತಿರಲಿಲ್ಲ. ಆ ಎರಡು ತಾಸು ನನಗೆ ಹೊಟ್ಟೆಕಿಚ್ಚೇ ಇರಲಿಲ್ಲ ಎಂದರೆ ನಂಬುತ್ತೀರೋ ಇಲ್ಲವೋ. ಶ್ರೀಮಂತನ ನೆನಪೂ ಆಗಲಿಲ್ಲ. ಮುಗಿಸಿ ಹಿಂದಕ್ಕೆ ಸರಿದು ನೋಡಿದಾಗ ಆ ಹೆಂಗಸು ಆಗತಾನೇ ಎಚ್ಚರವಾಗಿ ಯಾರನ್ನೋ ಗುರುತು ಹಿಡಿದ ಹಾಗೆ ನೋಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅದನ್ನೇ ನಡುಗೋಡೆಯಲ್ಲಿ, ಬಾಗಿಲಿನಿಂದ ಕಾಲಿಟ್ಟವರಿಗೆ ಮೊದಲು ಕಾಣುವ ಹಾಗೆ ತೂಗುಹಾಕಿದೆ. ಹನ್ನೊಂದಕ್ಕೆ ಜನ ಸೇರಿದರು. ಬಷೀರಾಳೂ ಬಂದಳು. ಒಂದೊಂದೇ ಫೋಟೊ ನೋಡುತ್ತಾ ಬಂದವಳು ಈ ಫೋಟೊದ ಮುಂದೆ ನಿಂತಳು. ನಿಂತೇ ಇದ್ದಳು. ಮೊಬೈಲಿನಲ್ಲಿ ನೋಡಿದ್ದು ಸಾಲದೆಂದು ಈಗ ಗೋಡೆಯ ಮುಂದೆಯೂ ಶುರುವಾಯಿತೇ ಎಂದುಕೊಂಡೆ. ಮೈ ಉರಿಯಿತು. ಇರು, ಇನ್ನು ಸ್ವಲ್ಪ ಹೊತ್ತು, ನಿನ್ನ ಶ್ರೀಮಂತನ ಬಣ್ಣ ಬಯಲಾಗುತ್ತದೆ ಎಂದು ಮನಸ್ಸಿನಲ್ಲೇ ಹೇಳಿದೆ.

ಉದ್ಘಾಟನೆಗೆ ಕಾಲೇಜಿನ ಒಬ್ಬರು ಮೇಷ್ಟ್ರನ್ನು ಕರೆಸಿದ್ದರು. ಅವರು ಎಲ್ಲ ಫೋಟೊ ನೋಡಿ, ನನ್ನ ಫೋಟೊದ ಮುಂದೆ, ನನ್ನ ಎಂದುಬಿಟ್ಟೆ ನೋಡಿ, ಆ ಫೋಟೊದ ಮುಂದೆ ನಿಂತು ಕೈ ಕಟ್ಟಿಕೊಂಡರು. ನಾನು ಕಂಬದ ಪಕ್ಕ ಕಿವಿ ನೆಟ್ಟಗೆ ಮಾಡಿ ನಿಂತೆ.

"ಹತ್ತೊಂಬತ್ತು ಮಂದಿ ಮಲಗಿದ್ದಾರೆ," ಎಂದರು ಮೇಷ್ಟ್ರು. "ಈಕೆ ಒಬ್ಬರೇ ಎಚ್ಚರ ಇದ್ದಾರೆ. ಅವರೆಲ್ಲರ ನಿದ್ದೆಯನ್ನು ಈಕೆ ಕಾಯುತ್ತಿರುವ ಹಾಗಿದೆ. ಈ ಒಂದು ಫೋಟೊ ಇಲ್ಲದಿದ್ದರೆ ನಾವು ಮಲಗಿದವರನ್ನು ಕದ್ದು ನೋಡಿದ ಹಾಗಾಗುತ್ತಿತ್ತು. ಈಕೆ ನಮ್ಮನ್ನು ತಿರುಗಿ ನೋಡುತ್ತಿದ್ದಾರೆ. ಛಾಯಾಗ್ರಾಹಕರು ಬಹಳ ಯೋಚನೆ ಮಾಡಿ ಇದನ್ನು ನಡುವೆ ಇಟ್ಟಿದ್ದಾರೆ."

ಚಪ್ಪಾಳೆ ಬಿತ್ತು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಯೋಚನೆ ಮಾಡಿದವನು ನಾನು, ನಡುವೆ ಇಟ್ಟವನು ನಾನು, ಕೆಳಗಿನ ಚೀಟಿಯಲ್ಲಿ ಮಾತ್ರ 'ಫೋಟೊ: ಶ್ರೀಮಂತ.' ಆ ಚೀಟಿಯನ್ನೂ ನನ್ನ ಪ್ರಿಂಟರಿನಲ್ಲೇ ತೆಗೆದಿದ್ದೆ.

ಒಂದು ಗಂಟೆಗೆ ಶ್ರೀಮಂತ ಬಂದ. ಹೆಗಲ ಮೇಲೆ ಅದೇ ಡಬ್ಬಿ, ಬೆನ್ನೆಲ್ಲ ಬೆವರು. ಕೈ ಕುಲುಕುವವರಿಂದ ಬಿಡಿಸಿಕೊಂಡು ನಡುಗೋಡೆಗೆ ಬಂದವನು ಅಲ್ಲೇ ನಿಂತ. ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟ. ಆರು ವರ್ಷ ನನ್ನ ಪಕ್ಕದಲ್ಲಿ ಕುಳಿತು ಸತ್ತವರ ಕಣ್ಣು ತೆರೆಸುವುದನ್ನು ನೋಡಿದವನು. ಅವನಿಗೆ ಯಾರೂ ಏನೂ ಹೇಳಬೇಕಿರಲಿಲ್ಲ. ಆದರೂ ನನ್ನ ಕಡೆ ತಿರುಗಲಿಲ್ಲ. ತಿರುಗಿ ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಗುಳಕ್ಕೆ ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲವಾಯಿತು. ಮೂವತ್ತರ ಒಬ್ಬ ಯುವಕ, ಉಗುರಿನ ಸಂದಿಯಲ್ಲಿ ಸಿಮೆಂಟು. ಸಿದ್ದರಾಮಪ್ಪನವರು ಅವನನ್ನು ಕರೆತಂದು, "ಇವ ಈರಣ್ಣ, ನಮ್ಮ ಆಂಟಾಪ್ ಹಿಲ್ಲಿನಾಗ ಟೈಲ್ಸ್ ಕೂಡ್ಸೂ ಕೆಲಸ ಮಾಡ್ತಾನ," ಎಂದರು. ಈರಣ್ಣ ಯಾರಿಗೂ ನಮಸ್ಕಾರ ಮಾಡಲಿಲ್ಲ. ನೆಟ್ಟಗೆ ಫೋಟೊದ ಮುಂದೆ ಹೋಗಿ ನಿಂತ. ಯಾರೋ ಮೊಬೈಲಿನಲ್ಲಿ ಕಳಿಸಿದ್ದು ನೋಡಿ ಕೆಲಸ ಬಿಟ್ಟು ಓಡಿಬಂದಿದ್ದ.

"ನಮ್ಮವ್ವ," ಎಂದ. "ಶಿವಕುಮಾರಿ ಅಂತ."

ನಾಲ್ಕು ತಿಂಗಳ ಹಿಂದೆ ತೀರಿಕೊಂಡಿದ್ದಳು. ಊರಿಂದ ಆಸ್ಪತ್ರೆಗೆ ತೋರಿಸಲಿಕ್ಕೆ ಕರೆತಂದಿದ್ದ. ಮನೆಯಲ್ಲಿ ಅವಳದೆಂದು ಇರುವುದು ಆಧಾರ್ ಕಾರ್ಡಿನ ಫೋಟೊ ಒಂದೇ, ಅದರಲ್ಲಿ ಅವ್ವನೋ ಬೇರೆಯವರೋ ತಿಳಿಯುವುದಿಲ್ಲ ಎಂದ. ಆಮೇಲೆ ಫೋಟೊದಿಂದ ಕಣ್ಣು ತೆಗೆಯದೆ ಹೇಳಿದ:

"ಅಕಿ ಹಿಂಗ ಯಾರನ್ನೂ ನೋಡ್ತಿರಲಿಲ್ಲರಿ, ನನ್ನ ಬಿಟ್ರ. ನಾ ಕೆಲಸದಿಂದ ತಡಾ ಮಾಡಿ ಬಂದ್ರ ಹಿಂಗ ನೋಡಾಕಿ. ಉಂಡಿಯೇನೋ ಅಂತ ಕೇಳೂ ಮುಂದ."

ಬಷೀರಾ ಎಲ್ಲಿದ್ದಾಳೆಂದು ನೋಡಿದೆ. ಗೋಡೆಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದಳು. ಅವಳು ಈರಣ್ಣನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಈರಣ್ಣ ಶ್ರೀಮಂತನ ಕಡೆ ತಿರುಗಿದ. "ಒಂದ್ ಮಾತು ಕೇಳ್ತೀನಿ, ಖರೇ ಹೇಳ್ರಿ. ಅವ್ವನ್ನ ಅಲ್ಲಿ ಕುಂಡ್ರಿಸಿ ನಾ ರಿಪೋರ್ಟ್ ತರಾಕ ಹೋಗಿದ್ದೆ. ಭಾಳ ತಡಾ ಆತು. ಬರೂದ್ರಾಗ ಮಲಗಿಬಿಟ್ಟಿದ್ಲು, ಮತ್ತ ಏಳಲೇ ಇಲ್ಲ. ನಾ ಬಂದೆ ಅನ್ನೂದು ಅಕಿಗೆ ತಿಳೀಲೇ ಇಲ್ಲೇನೋ ಅಂತ ಇವತ್ತಿಗೂ ಮನಸಿನ್ಯಾಗ ಅದ. ನೀವು ಫೋಟೊ ತಗಿಯೂ ಮುಂದ ಎಚ್ಚರ ಇದ್ಲೇನ್ರಿ? ಯಾರನ್ನ ನೋಡಾಕತ್ತಿದ್ಲು?"

ಶ್ರೀಮಂತ ಸುಳ್ಳು ಹೇಳಿ ಅಭ್ಯಾಸವಿಲ್ಲದವನು. ಅವತ್ತು ಮೊದಲ ಸಲ ನನ್ನ ಕಡೆ ನೋಡಿ ಹೇಳಿದ:

"ಪ್ರಿಂಟ್ ಮಾಡಿದವರು ನಮ್ಮ ಉಸ್ತಾದ್ರು. ಈ ಫೋಟೊದಾಗ ಏನದ ಅನ್ನೂದು ನನಗಿಂತ ಅವರಿಗೇ ಚಲೋ ಗೊತ್ತು. ಅವರನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಮೇಷ್ಟ್ರು, ಸಿದ್ದರಾಮಪ್ಪನವರು, ಗುಲಾಫಶಾ, ಬಷೀರಾ. ಮೂವತ್ತೊಂದು ವರ್ಷದಲ್ಲಿ ನನ್ನ ಮಾತಿಗಾಗಿ ಅಷ್ಟು ಜನ ಕಾದು ನಿಂತದ್ದು ಅದೇ ಮೊದಲು. ಹೇಳಿಬಿಡಬಹುದಿತ್ತು. ಈ ಕಣ್ಣು ನನ್ನ ಕೆಲಸ, ನೀವು ಚಪ್ಪಾಳೆ ತಟ್ಟಿದ್ದು ನನಗೆ, ಇವನು ತೆಗೆದದ್ದರಲ್ಲಿ ಇವಳು ಬರೀ ಮಲಗಿದ್ದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮಾತು ಕೇಳಬೇಕಾದವನು ಎದುರಿಗೆ ನಿಂತಿದ್ದ, ಉಗುರಿನಲ್ಲಿ ಸಿಮೆಂಟು ಇಟ್ಟುಕೊಂಡು.

"ಎಚ್ಚರ ಇದ್ರಪಾ," ಎಂದೆ. "ಒಂದ್ ಗಳಿಗಿ ಕಣ್ಣು ತಗದ್ರು. ಯಾರೋ ತಮ್ಮವರು ಬರೂದು ಕಂಡಂಗ ನೋಡಿದ್ರು. ಆಮ್ಯಾಲ ಮತ್ತ ಮಲಗಿರಬೇಕು. ಆ ಗಳಿಗಿ ಹಿಡಿಯೂದು ಎಲ್ಲಾರ ಕೈಯಾಗ ಆಗೂದಲ್ಲ. ಶ್ರೀಮಂತನ ಕೈಯಾಗ ಆತು."

ಈರಣ್ಣ ಬಗ್ಗಿ ಶ್ರೀಮಂತನ ಕಾಲು ಮುಟ್ಟಿದ. ಶ್ರೀಮಂತ ಹಾವು ಮುಟ್ಟಿದವನ ಹಾಗೆ ಹಿಂದೆ ಸರಿದ. ಫೋಟೊವನ್ನು ಗೋಡೆಯಿಂದ ಇಳಿಸಿ ಈರಣ್ಣನಿಗೇ ಕೊಟ್ಟರು. ಪೇಪರು ಸುತ್ತಿ ಕಟ್ಟಿಕೊಟ್ಟವನೂ ನಾನೇ. ಎದೆಗೆ ಅವಚಿಕೊಂಡು ಅಳುತ್ತಾ ಹೊರಟುಹೋದ. ಆ ಒಂದು ನಮಸ್ಕಾರವಾದರೂ ನನಗೆ ಬರಬೇಕಿತ್ತು. ಈಗಲೂ ಹಾಗೇ ಅನ್ನಿಸುತ್ತದೆ, ಬಚ್ಚಿಟ್ಟು ಏನು ಪ್ರಯೋಜನ. ಜನ ಚದುರಿದ ಮೇಲೆ ಶ್ರೀಮಂತ ಡಬ್ಬಿ ಹೆಗಲಿಗೇರಿಸುತ್ತಾ ನನ್ನ ಪಕ್ಕ ಬಂದು, "ಕಣ್ಣು ಭಾಳ ಚಲೋ ಕುಂತಾವ ಉಸ್ತಾದ," ಎಂದ. ಅಷ್ಟೇ ಹೇಳಿ ಲೋಕಲ್ ಹಿಡಿಯಲು ಹೋದ. ಅವನ ಆ ದೊಡ್ಡತನದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಬಸ್ಸಿನಲ್ಲಿ ಬಷೀರಾ ಕಿಟಕಿಯ ಪಕ್ಕ ಕೂತಳು. ಗುಲಾಫಶಾ ಗೆಳತಿಯರ ಜೊತೆ ಹಿಂದೆ ಉಳಿದಿದ್ದಳು. ಎರಡು ಸ್ಟಾಪು ದಾಟಿದವು. ಆಮೇಲೆ ಶುರುಮಾಡಿದಳು, ಕನ್ನಡದಲ್ಲಿ.

"ಅವು ನನ್ನ ಕಣ್ಣು."

"ಹೌದು," ಎಂದೆ.

"ಹೊಸ ಕ್ಯಾಮೆರಾ ತಂದ ದಿನದ್ದು. ಮೂರು ಗಂಟೆ ಆಗಿತ್ತು, ನೀವು ಇನ್ನೂ ಉಂಡಿರಲಿಲ್ಲ. ಕರದು ಕರದು ಸಾಕಾಗಿ ಕುಂತಿದ್ದೆ."

"ಬಾಯಿ ತೆರೆದಿತ್ತು ಅಂತ ಪ್ರಿಂಟ್ ಮಾಡಿರಲಿಲ್ಲ."

"ನಾ ಹಂಗ ನೋಡ್ತಿದ್ದೆ ಅನ್ನೂದು ನಿಮಗ ಗೊತ್ತಿತ್ತು."

"ಗೊತ್ತಿತ್ತು."

ಅವಳು ಹೊರಗೆ ನೋಡಿದಳು. ನಾನು ಬೈಗುಳಕ್ಕೆ ಕಾದೆ. ಮಾಡಿದ್ದುಣ್ಣೋ ಮಹಾರಾಯ, ಇನ್ನೇನು ಮಾಡಲಿ.

"ಗೊತ್ತಿದ್ದೂ ಹದಿನೈದು ವರ್ಷ ಕಂಪ್ಯೂಟರಿನ್ಯಾಗ ಮುಚ್ಚಿಟ್ರಿ. ಹೊರಗ ತಗದದ್ದು ಯಾತಕ್ಕ, ಶ್ರೀಮಂತನ ಹೆಸರು ಕೆಡಸಾಕ. ಕೊಟ್ಟದ್ದು ಯಾರಿಗೆ, ಗುರ್ತಿಲ್ಲದ ಹೆಣ್ಮಗಳಿಗೆ." ಈಗ ನನ್ನ ಕಡೆ ತಿರುಗಿದಳು. "ಆ ಹುಡುಗ ಅಳೂ ಮುಂದ ನನಗೂ ಅಳು ಬಂತು. ಆದ್ರ ಅದಕ್ಕಿಂತ ಮೊದಲ ಆ ಫೋಟೊದ ಮುಂದ ನಿಂತಾಗ ಅಕಿ ಮ್ಯಾಲ ಹೊಟ್ಟಿಕಿಚ್ಚು ಬಂತ್ರಿ. ಸತ್ತಾಕಿ ಅಂತ ಆಗ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲೂ ಹೋಗವಲ್ದು."

ಹೊಟ್ಟೆಕಿಚ್ಚಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಬಸ್ಸು ನಮ್ಮ ಸ್ಟಾಪಿನಲ್ಲಿ ನಿಂತಿತು. ಇಳಿದು ನಾನು ಮನೆಯ ದಾರಿ ಹಿಡಿದೆ. ಅವಳು ನಿಂತಲ್ಲೇ ನಿಂತಳು.

"ಮೊದಲ ಸ್ಟುಡಿಯೋ ತಗೀರಿ," ಎಂದಳು. "ನನ್ನ ಕಣ್ಣು ನನ್ನ ಮುಖದಾಗ ಇರೂದು ಒಂದ್ ಪ್ರಿಂಟ್ ಹಾಕಿ ಕೊಡ್ರಿ. ಬಾಯಿ ತೆರದಿದ್ರ ತೆರದಿರ್ಲಿ."